ಹಳೆಯ ಡಿಎಸ್‌ಎಲ್‌ಆರ್: ಕೊಳ್ಳೋದಾ, ಬಿಡೋದಾ?

ಹತ್ತು ಹದಿನೈದು ವರ್ಷ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಮಾರಾಟಕ್ಕಿದೆ ಅಂದರೆ ಎಲ್ಲರೂ ಮೊದಲು ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. 2008ರಲ್ಲಿ ಬಂದ ನಿಕಾನ್ ಡಿ90 ಆಗ ಕೊಡುತ್ತಿದ್ದ 12.3 ಮೆಗಾಪಿಕ್ಸೆಲ್ ಚಿತ್ರವನ್ನೇ ಈಗಲೂ ಕೊಡುತ್ತದೆ. ಚಿತ್ರ ಹಿಡಿಯುವ ಚಿಪ್, ಅಂದರೆ ಸೆನ್ಸರ್, ಸಾಮಾನ್ಯವಾಗಿ ಹಳಸುವುದಿಲ್ಲ. ಹಳಸುವುದು ಬೆಳಕಿಗೆ ತೆರೆದು ಮುಚ್ಚುವ ಶಟರ್, ಕನ್ನಡಿ ಹಿಡಿದಿರುವ ಗೋಂದು, ಹಿಡಿಕೆಯ ರಬ್ಬರ್, ಡಯಲ್‌ಗಳ ಒಳಗಿನ ಸಂಪರ್ಕ, ಬ್ಯಾಟರಿ ಮತ್ತು ನಮ್ಮ ಹವೆಯಲ್ಲಿ ಎಲ್ಲಕ್ಕಿಂತ ಮೊದಲು ಲೆನ್ಸಿನ ಒಳಗಿನ ಗಾಜು. ಹಾಗಾಗಿ ಹಳೆಯ ಕ್ಯಾಮೆರಾ ಕೊಳ್ಳುವಾಗ ನಾವು ಬೆಲೆ ಕಟ್ಟುವುದು ಅದು ತೆಗೆಯುವ ಚಿತ್ರಕ್ಕಲ್ಲ, ಅದರ ಉಳಿದ ಆಯುಷ್ಯಕ್ಕೆ. ಆ ಆಯುಷ್ಯವನ್ನು ಅರ್ಧ ಗಂಟೆಯಲ್ಲಿ ಸುಮಾರಾಗಿ ಅಳೆಯಬಹುದು.

ಮೆಗಾಪಿಕ್ಸೆಲ್ ವಿಷಯವನ್ನು ಮೊದಲೇ ಮುಗಿಸಿಬಿಡೋಣ. ಡಿ90 ಚಿತ್ರದ ಅಳತೆ 4288 × 2848 ಪಿಕ್ಸೆಲ್. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 14 × 9.5 ಇಂಚಿನ ಪ್ರಿಂಟ್ ಬರುತ್ತದೆ. ಮದುವೆ ಆಲ್ಬಮ್ಮಿನ 12 × 18 ಇಂಚಿನ ಪುಟಕ್ಕೆ ಹಿಗ್ಗಿಸಿದರೂ ಇಂಚಿಗೆ ಸುಮಾರು 238 ಚುಕ್ಕಿ ಉಳಿಯುತ್ತದೆ. ಕೈಯಲ್ಲಿ ಹಿಡಿದು ನೋಡುವ ಆಲ್ಬಮ್ಮಿಗೆ ಅದು ಸಾಲದು ಎನ್ನುವವರು ಕಡಿಮೆ. ಹಕ್ಕಿ ತೆಗೆಯುವವರ ಕಥೆ ಬೇರೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು 300 ಎಂಎಂ ಲೆನ್ಸಿನಲ್ಲಿ ತೆಗೆದು, ಆಮೇಲೆ ಚಿತ್ರದ ಮುಕ್ಕಾಲು ಭಾಗ ಕತ್ತರಿಸಿ ಹಾಕುವವರಿಗೆ 24 ಮೆಗಾಪಿಕ್ಸೆಲ್ ನಿಜಕ್ಕೂ ಬೇಕು. ಅವರು ಡಿ7100 (2013), ಡಿ7200 (2015), ಕ್ಯಾನನ್ 80ಡಿ (2016) ಸಾಲಿನಿಂದ ಕೆಳಗಿಳಿಯದಿರುವುದು ಒಳ್ಳೆಯದು. ಅದರಲ್ಲೂ ಡಿ7100 ಬೇಡ, ಡಿ7200 ನೋಡಿ. ಮೊದಲನೆಯದರ ಬಫರ್ (ಕಾರ್ಡಿಗೆ ಹೋಗುವ ಮುಂಚೆ ಚಿತ್ರ ತಂಗುವ ಜಾಗ) ತೀರ ಚಿಕ್ಕದು. ಸೆನ್ಸರ್ ಕೊಟ್ಟದ್ದನ್ನು ಹಾಗೇ ಉಳಿಸುವ ರಾ ಫೈಲಿನಲ್ಲಿ ಆರೇಳು ಚಿತ್ರ ಹೊಡೆದ ಕೂಡಲೇ ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಹಕ್ಕಿ ರೆಕ್ಕೆ ಬಿಚ್ಚುವುದು ಆಗಲೇ.

ವಿಡಿಯೊ ಮುಖ್ಯ ಅನ್ನುವವರು ಹಳೆಯ ಡಿಎಸ್‌ಎಲ್‌ಆರ್ ಯೋಚನೆಯನ್ನೇ ಬಿಡಬಹುದು. ವಿಡಿಯೊ ತೆಗೆದ ಮೊದಲ ಡಿಎಸ್‌ಎಲ್‌ಆರ್ ಎಂಬ ಹೆಸರು ಡಿ90ಗೆ ಇದೆ, ಆದರೆ ಅದು 720ಪಿ ಮಾತ್ರ, ತೆಗೆಯುತ್ತಿರುವಾಗ ಆಟೊಫೋಕಸ್ ಇಲ್ಲ. ಈ ಪೀಳಿಗೆಯಲ್ಲಿ ವಿಡಿಯೊಗೆ ಒಪ್ಪುವಂತೆ ಫೋಕಸ್ ಮಾಡುವುದು ಸೆನ್ಸರಿನಿಂದಲೇ ಫೋಕಸ್ ಮಾಡುವ ಡ್ಯುಯಲ್ ಪಿಕ್ಸೆಲ್ ತಂತ್ರ ಬಂದ ಕ್ಯಾನನ್ 70ಡಿ (2013) ಮತ್ತು ಅದರ ನಂತರದ 80ಡಿ.

ಬ್ಯಾಟರಿಯಿಂದ ಶುರುಮಾಡಿ

ಮಾಡೆಲ್ ಆರಿಸುವಾಗ ಮೊದಲು ನೋಡಬೇಕಾದ್ದು ಅದರ ಬ್ಯಾಟರಿ ಈಗಲೂ ತಯಾರಾಗುತ್ತಿದೆಯೇ ಎಂಬುದನ್ನು. ತಮಾಷೆಯಲ್ಲ, ಇದೊಂದೇ ಪ್ರಶ್ನೆ ಅರ್ಧ ಪಟ್ಟಿಯನ್ನು ಅಳಿಸಿ ಹಾಕುತ್ತದೆ.

ನಿಕಾನಿನಲ್ಲಿ ಡಿ90, ಡಿ300, ಡಿ700 ಬಳಸುವುದು ಇಎನ್-ಇಎಲ್3ಇ. ಈ ಬ್ಯಾಟರಿ ಬಳಸುವ ಹೊಸ ಕ್ಯಾಮೆರಾ ಬಂದು ವರ್ಷಗಳೇ ಆದವು. ಅಸಲಿ ಅಂತ ಸಿಗುವುದರಲ್ಲಿ ಎಷ್ಟೋ ನಕಲಿ, ನಿಜವಾದ ಅಸಲಿ ಸಿಕ್ಕರೂ ಗೋದಾಮಿನಲ್ಲಿ ಕೂತು ಮುದಿಯಾಗಿರುತ್ತದೆ. 2010ರ ಡಿ7000 ಜೊತೆ ಬಂದ ಇಎನ್-ಇಎಲ್15 ಕುಟುಂಬ ಹಾಗಲ್ಲ. ಡಿ7100, ಡಿ7200, ಡಿ610, ಡಿ750, ಡಿ800 ಎಲ್ಲಕ್ಕೂ ಅದೇ. ಅದರ ಹೊಸ ಆವೃತ್ತಿಗಳು ಝಡ್ ಸರಣಿಯ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೂ ಹೋಗುವುದರಿಂದ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಕ್ಯಾನನ್ ಕಡೆ ಎಲ್‌ಪಿ-ಇ6 ಕುಟುಂಬಕ್ಕೂ ಇದೇ ಭಾಗ್ಯ. 5ಡಿ ಮಾರ್ಕ್ 2, 7ಡಿ, 60ಡಿ, 70ಡಿ, 80ಡಿ, 6ಡಿ ಎಲ್ಲವೂ ಅದರಲ್ಲೇ ಓಡುತ್ತವೆ. 2005ರ ಮೊದಲ 5ಡಿಗೆ ಮಾತ್ರ ಹಳೆಯ ಬಿಪಿ-511ಎ.

ಈಗಿರುವ ಬ್ಯಾಟರಿಯ ಆರೋಗ್ಯ ತಿಳಿಯಲು ಮಾರುವವರ ಮಾತು ಕೇಳಬೇಕಿಲ್ಲ. ಡಿ7000, ಡಿ700ಗಳ ಸೆಟಪ್ ಮೆನುವಿನಲ್ಲಿ ‘ಬ್ಯಾಟರಿ ಇನ್ಫೊ’ ತೆರೆದರೆ 0ಯಿಂದ 4ರವರೆಗೆ ವಯಸ್ಸು ತೋರಿಸುತ್ತದೆ. 0 ಎಂದರೆ ಹೊಸದು, 4 ಎಂದರೆ ಬದಲಿಸುವ ಕಾಲ. ಎಲ್‌ಪಿ-ಇ6 ಬಳಸುವ ಕ್ಯಾನನ್‌ಗಳಲ್ಲಿ ‘ರಿಚಾರ್ಜ್ ಪರ್ಫಾರ್ಮೆನ್ಸ್’ ಎಂಬ ಮೂರು ಹಸಿರು ಗೆರೆ ಇರುತ್ತದೆ, ಸುಸ್ತಾದ ಬ್ಯಾಟರಿಗೆ ಒಂದೇ ಕೆಂಪು ಗೆರೆ. ಕ್ಯಾಮೆರಾ ಈ ವಿವರ ತೋರಿಸದೆ ಬ್ಯಾಟರಿಯೊಂದಿಗೆ ಮಾತಾಡಲು ಆಗುತ್ತಿಲ್ಲ ಎಂಬಂಥ ಸಂದೇಶ ಕೊಟ್ಟರೆ ಅದು ಬೇರೆ ಕಂಪನಿಯದೋ ನಕಲಿಯೋ ಆಗಿರುವ ಸಾಧ್ಯತೆ ಹೆಚ್ಚು. ಉಬ್ಬಿದ ಬ್ಯಾಟರಿ ಗೂಡಿನಿಂದ ಸಲೀಸಾಗಿ ಹೊರಬರುವುದಿಲ್ಲ. ಅಂಥದ್ದನ್ನು ಉಗುರಿನಲ್ಲಿ ಕೀಳುವ ಸಾಹಸ ಬೇಡ.

ಮೆಮೊರಿ ಕಾರ್ಡಿಗೂ ಇದೇ ಪ್ರಶ್ನೆ ಕೇಳಿ. ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ಕಾರ್ಡ್ ಬಳಸುವ ಬಾಡಿಯಾದರೆ, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾ ಆದರೆ (5ಡಿ, 7ಡಿ, ಡಿ300, ಡಿ700) ಕಾರ್ಡ್ ತೆಗೆದು ಟಾರ್ಚ್ ಬಿಟ್ಟು ಒಳಗಿನ ಸಣ್ಣ ಪಿನ್‌ಗಳ ಎರಡು ಸಾಲನ್ನೂ ನೋಡಿ. ಒಂದು ಪಿನ್ ಬಾಗಿದ್ದರೂ ಇವತ್ತೋ ನಾಳೆಯೋ ಕೈಕೊಡುತ್ತದೆ. ನಿಕಾನ್ ಡಿ50ಯಂಥ ಮೊದಲ ಕಾಲದ ಎಸ್‌ಡಿ ಬಾಡಿಗಳು ಎಸ್‌ಡಿಎಚ್‌ಸಿ ಕಾರ್ಡ್ ಓದುವುದಿಲ್ಲ, 2 ಜಿಬಿ ಒಳಗಿನ ಹಳೆಯ ಕಾರ್ಡ್ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಒಲಿಂಪಸ್, ಫ್ಯೂಜಿಯ ಹಳೆಯ ಪಾಕೆಟ್ ಕ್ಯಾಮೆರಾಗಳ ಎಕ್ಸ್‌ಡಿ ಕಾರ್ಡಿನ ಪಾಡಂತೂ ಇನ್ನೂ ಕಷ್ಟ. ಈಗ ಕಾಲೇಜು ಹುಡುಗರು ಸಿಸಿಡಿ (ಹಳೆಯ ಬಗೆಯ ಸೆನ್ಸರ್) ಬಣ್ಣ ಅಂತ ಹುಡುಕುತ್ತಿರುವುದು ಇಂಥವನ್ನೇ. ಒಂದು ವಿಷಯ ತಿಳಿದಿರಲಿ: 2002ರಿಂದ 2004ರ ನಡುವೆ ತಯಾರಾದ ಎಷ್ಟೋ ಸಿಸಿಡಿ ಸೆನ್ಸರ್‌ಗಳು ಬಿಸಿ ಮತ್ತು ತೇವಕ್ಕೆ ಒಳಗಿನ ಸಂಪರ್ಕ ಬಿಟ್ಟುಕೊಂಡು ಕೆಟ್ಟವು. 2005ರಲ್ಲಿ ಹಲವು ಕಂಪನಿಗಳು ಅದನ್ನು ಒಪ್ಪಿಕೊಂಡು ಉಚಿತವಾಗಿ ಸರಿಪಡಿಸಿಕೊಟ್ಟವು. ನೇರಳೆ ಬಣ್ಣ, ಓರೆಕೋರೆ ಗೆರೆ, ಪೂರ್ತಿ ಕಪ್ಪು ಚಿತ್ರ ಅದರ ಲಕ್ಷಣ. ಆ ಉಚಿತ ರಿಪೇರಿಯ ಕಾಲ ಎಂದೋ ಮುಗಿದಿದೆ.

ಲೆನ್ಸ್ ಕೂಡುತ್ತದೆ, ಫೋಕಸ್ ಆಗುವುದಿಲ್ಲ

ಬಾಡಿ, ಲೆನ್ಸ್ ಜೋಡಿ ಮಾಡಿ ಮಾರುವವರ ಹತ್ತಿರ ಹೆಚ್ಚು ಜನ ಎಡವುವುದು ಇಲ್ಲಿ. ನಿಕಾನ್ ಡಿ3000, ಡಿ5000 ಸರಣಿಯ ಯಾವ ಬಾಡಿಯಲ್ಲೂ ಫೋಕಸ್ ಮೋಟಾರ್ ಇಲ್ಲ. ಕಡಿಮೆ ಬೆಲೆಗೆ ಸಿಗುವ 50 ಎಂಎಂ ಎಫ್1.8ಡಿ ಅದರ ಮೇಲೆ ಕೂಡುತ್ತದೆ, ಆದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಅದೇ ಲೆನ್ಸ್ ಡಿ90, ಡಿ7000, ಡಿ7200 ಮೇಲೆ ಸದ್ದು ಮಾಡಿದರೂ ಚೆನ್ನಾಗಿ ಕೆಲಸ ಮಾಡುತ್ತದೆ. ಇದರ ತಿರುಗುಮುರುಗು ಎಎಫ್-ಪಿ ಲೆನ್ಸ್. ಡಿ3400, ಡಿ5600 ಜೊತೆ ಕಿಟ್ಟಿನಲ್ಲಿ ಬಂದ 18-55 ಎಎಫ್-ಪಿಯನ್ನು ಡಿ90, ಡಿ7000, ಡಿ3100, ಡಿ5100ರಂಥ ಹಳೆಯ ಬಾಡಿಗೆ ಹಾಕಿದರೆ ಆಟೊಫೋಕಸ್ ಮಾತ್ರವಲ್ಲ, ಕೈ ಫೋಕಸ್ಸೂ ಆಗುವುದಿಲ್ಲ, ಏಕೆಂದರೆ ಅದರ ಉಂಗುರ ಗಾಜನ್ನು ನೇರವಾಗಿ ತಿರುಗಿಸುವುದಿಲ್ಲ, ಮೋಟಾರಿಗೆ ಹೇಳುತ್ತದೆ ಅಷ್ಟೆ. ಲೆನ್ಸಿನ ಮೇಲೆ ಬರೆದಿರುವುದು ಎಎಫ್-ಎಸ್ಸೋ (ಇದರ ಮೋಟಾರೂ ಲೆನ್ಸಿನೊಳಗೇ ಇರುತ್ತದೆ) ಎಎಫ್-ಪಿಯೋ ಓದದೆ ಹಣ ಕೊಡಬೇಡಿ. ಕ್ಯಾನನ್ ಕಡೆ ಲೆಕ್ಕ ಸರಳ. ಇಎಫ್ ಎಲ್ಲದಕ್ಕೂ ಆಗುತ್ತದೆ, ಇಎಫ್-ಎಸ್ ಮಾತ್ರ 5ಡಿ, 6ಡಿಯಂಥ ದೊಡ್ಡ ಸೆನ್ಸರಿನ ಫುಲ್‌ಫ್ರೇಮಿಗೆ ಕೂಡುವುದಿಲ್ಲ.

ತಯಾರಿ ನಿಂತುಹೋದ ಮೌಂಟ್‌ಗಳಿಂದ (ಲೆನ್ಸ್ ಬಾಡಿಗೆ ಕೂಡುವ ವ್ಯವಸ್ಥೆ) ದೂರ ಇರಿ. ಸ್ಯಾಮ್‌ಸಂಗ್ ಎನ್‌ಎಕ್ಸ್, ನಿಕಾನ್ 1 ಕ್ಯಾಮೆರಾಗಳು ಅಗ್ಗವಾಗಿ ಸಿಗುವುದು ಅವಕ್ಕೆ ಇನ್ನು ಲೆನ್ಸ್ ಬರುವುದಿಲ್ಲ, ಬಿಡಿಭಾಗವೂ ಸಿಗುವುದಿಲ್ಲ ಅಂತಲೇ. ಜಪಾನಿನಿಂದ ತಂದ ಸೋನಿ ಮಿರರ್‌ಲೆಸ್ ಆದರೆ ಮೆನು ತೆರೆದು ಭಾಷೆ ನೋಡಿ. ಅಲ್ಲಿನ ಮಾರುಕಟ್ಟೆಗೆ ಮಾಡಿದ ಅನೇಕ ಬಾಡಿಗಳಲ್ಲಿ ಜಪಾನಿ ಬಿಟ್ಟು ಬೇರೆ ಭಾಷೆಯೇ ಇಲ್ಲ.

ಒಂದೊಂದು ಮಾಡೆಲ್ಲಿಗೂ ಅದರದೇ ಹುಟ್ಟುರೋಗ ಇರುತ್ತದೆ. ಮೊದಲ 5ಡಿಯ ಕನ್ನಡಿ ಗೋಂದು ಬಿಟ್ಟು ಕಳಚಿ ಬೀಳುತ್ತಿತ್ತು. ಕ್ಯಾನನ್ ಅದನ್ನು ಉಚಿತವಾಗಿ ಬಿಗಿ ಮಾಡಿಕೊಡುತ್ತಿತ್ತು, ಆ ಕೆಲಸ ಆಗಿದೆಯೇ ಕೇಳಿ. 2012ರ ನಿಕಾನ್ ಡಿ600ರ ಶಟರ್ ಸೆನ್ಸರ್ ಮೇಲೆ ಎಣ್ಣೆ, ಧೂಳಿನ ಚುಕ್ಕೆ ಎರಚುತ್ತಿತ್ತು. 2014ರಲ್ಲಿ ವಾರಂಟಿ ಮುಗಿದವರಿಗೂ ಶಟರ್ ಬದಲಿಸಿಕೊಡುವುದಾಗಿ ನಿಕಾನ್ ಹೇಳಿತು. ಹಾಗಾಗಿ ಡಿ600 ನೋಡುವವರು ಶಟರ್ ಬದಲಾದ ದಾಖಲೆ ಕೇಳಲಿ, ಇಲ್ಲದಿದ್ದರೆ 2013ರ ಡಿ610 ಕಡೆ ಹೋಗಲಿ. ಡಿ750ರ ಮೊದಲ ವರ್ಷಗಳ ಕೆಲವು ಬಾಡಿಗಳಿಗೂ ಶಟರ್ ಬದಲಾವಣೆಯ ಸೂಚನೆ ಬಂದಿತ್ತು. ಪೆಂಟಾಕ್ಸ್ ಕೆ-30, ಕೆ-50ಗಳಲ್ಲಿ ಡಯಾಫ್ರಮ್ (ಲೆನ್ಸಿನ ಬೆಳಕಿನ ಕಂಡಿ, ಅಂದರೆ ಅಪರ್ಚರ್, ಹಿಗ್ಗಿಸಿ ಕುಗ್ಗಿಸುವ ಎಲೆಗಳು) ನಡೆಸುವ ಸೊಲೆನಾಯ್ಡ್ ಎಂಬ ಪುಟ್ಟ ವಿದ್ಯುತ್ ಅಯಸ್ಕಾಂತ ಕೆಟ್ಟು ಚಿತ್ರ ಕಪ್ಪಾಗುತ್ತದೆ. ಕ್ಯಾನನ್ ಇಎಫ್-ಎಸ್ 17-85 ಲೆನ್ಸಿನ ಒಳಗಿನ ತೆಳ್ಳನೆ ಫ್ಲೆಕ್ಸ್ ಪಟ್ಟಿ ಹರಿಯುವುದು ಆ ಲೆನ್ಸಿನ ಖಾಯಂ ಜಾಡ್ಯ. ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಚಿತ್ರ ಬರುತ್ತದೆ, ಕಂಡಿ ಕಿರಿದಾಗಿಸಿ ಎಫ್11ಕ್ಕೆ ಇಳಿಸಿದ ಕೂಡಲೇ ‘ಎರರ್ 01’ ಇಲ್ಲವೆ ‘ಎರರ್ 99’. ಆದ್ದರಿಂದ ಯಾವ ಲೆನ್ಸೇ ಇರಲಿ, ಒಂದು ಚಿತ್ರ ಎಫ್11ರಲ್ಲಿ ತೆಗೆಯದೆ ‘ಚೆನ್ನಾಗಿದೆ’ ಅನ್ನಬೇಡಿ.

ಶಟರ್ ಕೌಂಟ್

ಡಿ90, 60ಡಿ, 70ಡಿ, 6ಡಿಗಳ ಶಟರ್ ಒಂದು ಲಕ್ಷ ಸಲ ಬಡಿಯುವಂತೆ ಪರೀಕ್ಷಿಸಿದ್ದು. ಡಿ7000, ಡಿ700, 7ಡಿ, 5ಡಿ ಮಾರ್ಕ್ 2 ಒಂದೂವರೆ ಲಕ್ಷ. ಇದು ಪರೀಕ್ಷೆಯ ಅಂಕಿ, ಸಾವಿನ ದಿನಾಂಕವಲ್ಲ. ಎರಡು ಲಕ್ಷ ದಾಟಿ ಓಡುವ ಶಟರ್ ಇವೆ, ಮೂವತ್ತು ಸಾವಿರಕ್ಕೆ ಮುರಿದದ್ದೂ ಇವೆ. ಆದರೂ ಶಟರ್ ಈವರೆಗೆ ಎಷ್ಟು ಸಲ ಬಡಿದಿದೆ ಎಂಬ ಸಂಖ್ಯೆ, ಅಂದರೆ ಶಟರ್ ಕೌಂಟ್, ಕ್ಯಾಮೆರಾ ಹೇಗೆ ಬದುಕಿತು ಅಂತ ಹೇಳುತ್ತದೆ. ಒಂದು ಮದುವೆಗೆ ಎರಡು ಸಾವಿರ ಚಿತ್ರ ಅಂದುಕೊಂಡರೂ ಐವತ್ತು ಮದುವೆಗೆ ಒಂದು ಲಕ್ಷ. ‘ಮನೆಯಲ್ಲೇ ಇತ್ತು, ಟೂರಿಗೆ ಮಾತ್ರ ಬಳಸಿದ್ದು’ ಅನ್ನುವ ಬಾಡಿಯಲ್ಲಿ 90,000 ಕಂಡರೆ ಆ ಮಾತು ನಂಬುವಂಥದ್ದಲ್ಲ.

ನಿಕಾನ್ ಪ್ರತಿ ಚಿತ್ರದೊಳಗೂ ಈ ಸಂಖ್ಯೆ ಬರೆದಿಡುತ್ತದೆ. ಕ್ಯಾಮೆರಾದಿಂದ ನೇರ ತೆಗೆದ ಫೈಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಈ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ, ‘ಡಾಕ್ಯುಮೆಂಟ್’ ಆಗಿ ಇಲ್ಲವೆ ಇಮೇಲ್‌ನಲ್ಲಿ ಕಳಿಸಲು ಹೇಳಿ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಫೈಲ್ ತೆರೆದು ‘ಶಟರ್ ಕೌಂಟ್’ ಸಾಲು ಹುಡುಕಿ. ಅಲ್ಲೇ ‘ಸೀರಿಯಲ್ ನಂಬರ್’ ಸಾಲೂ ಇರುತ್ತದೆ. ಅದು ಬಾಡಿಯ ತಳದಲ್ಲಿರುವ ಸಂಖ್ಯೆಗೆ ಹೊಂದಲೇಬೇಕು. ಹೊಂದದಿದ್ದರೆ ಒಳಗಿನ ಬೋರ್ಡೋ ತಳದ ಮುಚ್ಚಳವೋ ಬದಲಾಗಿದೆ, ಕೌಂಟ್ ಕೂಡ ನಂಬಲಾಗದು. ಕದ್ದ ಮಾಲಿನ ಸುಳಿವು ಸಿಗುವುದೂ ಇಲ್ಲೇ.

ಕ್ಯಾನನಿನ ಹೆಚ್ಚಿನ ಬಾಡಿಗಳು ಚಿತ್ರದಲ್ಲಿ ಇದನ್ನು ಬರೆಯುವುದಿಲ್ಲ. ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ ಓದುವ ತಂತ್ರಾಂಶಗಳಿವೆ, ಹೋಗುವಾಗ ಲ್ಯಾಪ್‌ಟಾಪ್ ಮತ್ತು ತಂತಿ ಒಯ್ಯಿರಿ. ಫೈಲ್ ಹೆಸರಿನ ಸಂಖ್ಯೆ ನೋಡಿ ಲೆಕ್ಕ ಹಾಕುವುದು ಶುದ್ಧ ತಪ್ಪು. 9999 ಆದ ಮೇಲೆ ಅದು ಮತ್ತೆ 0001ಕ್ಕೆ ಬರುತ್ತದೆ. ಯಾವ ದಾರಿಯೂ ಇಲ್ಲದಿದ್ದರೆ ಬಾಡಿಯನ್ನೇ ಓದಿ. ಫ್ಲ್ಯಾಶ್ ಕೂರಿಸುವ ಹಾಟ್‌ಶೂ ಅಂಚಿನ ಬಣ್ಣ ಸವೆದು ಲೋಹ ಹೊಳೆಯುತ್ತಿದ್ದರೆ, ಲೆನ್ಸ್ ಮೌಂಟಿನ ಉಂಗುರದಲ್ಲಿ ಗೀರುಗಳು ವೃತ್ತವಾಗಿ ಕೂತಿದ್ದರೆ, ಶಟರ್ ಬಟನ್ ಪಕ್ಕದ ಬಾಡಿ ನುಣುಪಾಗಿದ್ದರೆ ಅದು ದುಡಿದ ಕ್ಯಾಮೆರಾ. ದುಡಿದದ್ದು ದೋಷವಲ್ಲ, ದುಡಿಮೆಗೆ ತಕ್ಕ ಬೆಲೆ ಕಡಿಮೆಯಾಗಬೇಕು ಅಷ್ಟೆ. ನನ್ನ ಮಟ್ಟಿಗೆ ಏಳೆಂಟು ವರ್ಷ ಬೀರುವಿನಲ್ಲಿ ಮಲಗಿದ 5,000 ಕೌಂಟಿನ ಬಾಡಿಗಿಂತ, ಕಳೆದ ವಾರದವರೆಗೂ ಓಡಿದ 50,000ದ ಬಾಡಿ ಮೇಲು.

ಕೈಯಲ್ಲಿ ಹಿಡಿದಾಗ

ಹಗಲಲ್ಲಿ ಭೇಟಿಯಾಗಿ. ಜೇಬಿನಲ್ಲಿ ನಿಮ್ಮದೇ ಕಾರ್ಡ್, ಎಲ್‌ಇಡಿ ಟಾರ್ಚ್, ಒಂದು ದಿನಪತ್ರಿಕೆ ಇರಲಿ.

ಲೆನ್ಸ್ ತೆಗೆಯುವ ಮೊದಲೇ ಸ್ಕ್ರೂಗಳನ್ನು ನೋಡಿ. ತಲೆ ಜಜ್ಜಿದ್ದರೆ ಯಾರೋ ಬಿಚ್ಚಿದ್ದಾರೆ. ಬ್ಯಾಟರಿ ಗೂಡಿನ ತಾಮ್ರದಲ್ಲಿ ಹಸಿರು ಕಿಲುಬು, ಸ್ಕ್ರೂ ತಲೆಯಲ್ಲಿ ತುಕ್ಕು ಕಂಡರೆ ನೀರು ಒಳಗೆ ಹೋಗಿದೆ ಅಥವಾ ಕರಾವಳಿಯ ಉಪ್ಪುಗಾಳಿ ವರ್ಷಗಟ್ಟಲೆ ಕೂತಿದೆ. ಇಲ್ಲಿಗೇ ನಿಲ್ಲಿಸಿ, ಧನ್ಯವಾದ ಹೇಳಿ ಬನ್ನಿ. ನೀರು ಕುಡಿದ ಬೋರ್ಡ್ ಯಾವತ್ತು ಸಾಯುತ್ತದೆ ಅಂತ ರಿಪೇರಿಯವರೂ ಹೇಳಲಾರರು. ರಬ್ಬರ್ ಉಬ್ಬಿ ಸಡಿಲವಾಗಿರುವುದು ಮಾತ್ರ ಹೆದರುವ ವಿಷಯವಲ್ಲ. ಬೆವರು ಮತ್ತು ಬಿಸಿಗೆ ನಿಕಾನ್ ಹೆಬ್ಬೆರಳಿನ ಜಾಗದ ರಬ್ಬರ್ ಉಬ್ಬುವುದು ಸಾಮಾನ್ಯ, ಹೊಸ ರಬ್ಬರ್ ಅಂಟಿಸಬಹುದು.

ಮುಂದಿನ, ಹಿಂದಿನ ಡಯಲ್ ಎರಡನ್ನೂ ಒಂದೇ ದಿಕ್ಕಿಗೆ ನಿಧಾನವಾಗಿ ಇಪ್ಪತ್ತು ಕ್ಲಿಕ್ ತಿರುಗಿಸಿ. ಅಂಕಿ ಒಂದೊಂದೇ ಮುಂದೆ ಹೋಗಬೇಕು. ನಡುವೆ ಹಿಂದಕ್ಕೆ ಹಾರಿದರೆ ಒಳಗಿನ ಸಂಪರ್ಕ ಕಿಲುಬು ಹಿಡಿದಿದೆ. ಪ್ರತಿ ಬಟನ್ ಒತ್ತಿ, ಪಾಪ್ಅಪ್ ಫ್ಲ್ಯಾಶ್ ಹಾರಿಸಿ.

ಆಮೇಲೆ ಶಟರ್. 30 ಸೆಕೆಂಡಿನಿಂದ ಹಿಡಿದು 1/4000ರವರೆಗೆ ಏಳೆಂಟು ವೇಗಗಳಲ್ಲಿ ಹೊಡೆಯಿರಿ. ಅತಿ ವೇಗದ ಚಿತ್ರವನ್ನು ಬೆಳಕಿನ ಆಕಾಶಕ್ಕೋ ಬಿಳಿ ಗೋಡೆಗೋ ತಿರುಗಿಸಿ ತೆಗೆಯಿರಿ, ಏಕೆಂದರೆ ಆ ವೇಗದಲ್ಲಿ ಶಟರಿನ ಎರಡು ಪರದೆಗಳ ನಡುವಿನ ಸಣ್ಣ ಸೀಳು ಸೆನ್ಸರ್ ಮೇಲೆ ಓಡುತ್ತದೆ. ಒಂದು ಪರದೆ ಸುಸ್ತಾಗಿದ್ದರೆ ಚಿತ್ರದ ಮೇಲೋ ಕೆಳಗೋ ಕಪ್ಪು ಪಟ್ಟಿ ಬರುತ್ತದೆ. ಈ ಪಟ್ಟಿ ಕಂಡ ಶಟರ್ ಕೌಂಟ್ ಎಷ್ಟೇ ಕಡಿಮೆ ಇದ್ದರೂ ಮುಗಿದಂತೆಯೇ. ಈ ಪರೀಕ್ಷೆಯನ್ನು ಮನೆಯೊಳಗಿನ ಟ್ಯೂಬ್‌ಲೈಟಿನಲ್ಲಿ ಮಾಡಬೇಡಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿಣುಕುವುದರಿಂದ ಒಳ್ಳೆಯ ಶಟರ್ರೂ ಪಟ್ಟಿ ತೋರಿಸಬಹುದು.

ಈ ಮಿಣುಕು ಯಕ್ಷಗಾನ, ನಾಟಕ ತೆಗೆಯುವವರಿಗೆ ಮುಖ್ಯ. ದೀಪದ ಮಿಣುಕಿಗೆ ತಾಳ ಹಾಕಿ ಶಟರ್ ಬಿಡುವ ‘ಆ್ಯಂಟಿ-ಫ್ಲಿಕರ್’ ಸೌಲಭ್ಯ ಬಂದದ್ದು 2014ರ ಕ್ಯಾನನ್ 7ಡಿ ಮಾರ್ಕ್ 2ರಲ್ಲಿ, ಆಮೇಲೆ 80ಡಿಯಲ್ಲಿ. ನಿಕಾನಿನಲ್ಲಿ ಫೋಟೊಗೆ ಅದು ಬಂದದ್ದು 2016ರ ಡಿ500ರ ಹೊತ್ತಿಗೆ. ಅದಕ್ಕಿಂತ ಹಳೆಯ ಬಾಡಿಯಲ್ಲಿ ವೇಷದ ಮುಖ ಒಂದು ಚಿತ್ರದಲ್ಲಿ ಬೆಳಗಿ ಮುಂದಿನದರಲ್ಲಿ ಮಂಕಾಗುತ್ತಿದ್ದರೆ 1/100ಕ್ಕೆ ಇಳಿಯುವುದೇ ದಾರಿ, ಧಿಗಿಣ (ಗಿರಗಿರನೆ ಸುತ್ತುವ ಕುಣಿತ) ಹಾಕುವಾಗ ಆ ವೇಗ ಸಾಲದು. ಅಂಥ ಕೆಲಸಕ್ಕೆ ಹಳೆಯದನ್ನು ಕೊಳ್ಳುವ ಮುಂಚೆ ಇದನ್ನು ಚೆನ್ನಾಗಿ ತೂಗಿ ನೋಡಿ.

ಸೆನ್ಸರ್ ಧೂಳು ನೋಡಲು, ಬೆಳಕಿನ ಸೂಕ್ಷ್ಮತೆ ಹೇಳುವ ಐಎಸ್‌ಒ 100, ಎಫ್16 ಇಲ್ಲವೆ ಎಫ್22 ಇಟ್ಟು, ಫೋಕಸ್ ಬೇಕೆಂದೇ ಕೆಡಿಸಿ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಕೈ ಅಲುಗಿದರೂ ಪರವಾಗಿಲ್ಲ, ಧೂಳಿನ ನೆರಳು ಅಲುಗುವುದಿಲ್ಲ. ದುಂಡು ಬೂದು ಚುಕ್ಕೆಗಳು ಧೂಳು, ಸ್ವಚ್ಛಮಾಡಿದರೆ ಹೋಗುತ್ತವೆ. ಗೆರೆಯಂತೆ ಚೂಪಾಗಿರುವುದು ಗೀರು, ಹೋಗುವುದಿಲ್ಲ. ಬೇರಿನಂತೆ ಕವಲೊಡೆದದ್ದು ಸೆನ್ಸರ್ ಮುಂದಿನ ಗಾಜಿಗೆ ಹಿಡಿದ ಬೂಷ್ಟು. ಚಿತ್ರದ ಮೇಲಿನ ಎಡಮೂಲೆಯಲ್ಲಿ ಕಂಡ ಚುಕ್ಕೆ, ಲೆನ್ಸ್ ತೆಗೆದು ಎದುರಿನಿಂದ ನೋಡಿದಾಗ ಸೆನ್ಸರಿನ ಕೆಳಗಿನ ಎಡಮೂಲೆಯಲ್ಲಿರುತ್ತದೆ. ವ್ಯೂಫೈಂಡರಿನಲ್ಲಿ ಮಾತ್ರ ಕಾಣುವ ಧೂಳಿಗೆ ಚಿತ್ರದೊಂದಿಗೆ ಸಂಬಂಧವೇ ಇಲ್ಲ, ಅದಕ್ಕೆ ಚೌಕಾಸಿ ಮಾಡುವುದೂ ನ್ಯಾಯವಲ್ಲ. ಇದಾದ ಮೇಲೆ ಲೆನ್ಸ್ ಮುಚ್ಚಿ 30 ಸೆಕೆಂಡಿನ ಒಂದು ಚಿತ್ರ. ಅಲ್ಲೊಂದು ಇಲ್ಲೊಂದು ಬಣ್ಣದ ಚುಕ್ಕೆ ಸಹಜ. 1/60ರಲ್ಲೂ ಉಳಿಯುವ ಬಿಳಿ ಚುಕ್ಕೆ, ಗೆರೆ ಸಹಜವಲ್ಲ.

ಫೋಕಸ್ ಪರೀಕ್ಷೆಗೆ ದಿನಪತ್ರಿಕೆ. ಮೇಜಿನ ಮೇಲೆ ಹಾಸಿ, ಓರೆಯಾಗಿ ಸುಮಾರು 45 ಡಿಗ್ರಿಯಿಂದ ನಡುವಿನ ಒಂದು ಸಾಲಿಗೆ ಗುರಿಯಿಟ್ಟು, ಲೆನ್ಸನ್ನು ಪೂರ್ತಿ ತೆರೆದು ಐದು ಚಿತ್ರ ತೆಗೆಯಿರಿ. ಅದೇ ಸಾಲನ್ನು ಲೈವ್‌ವ್ಯೂನಲ್ಲೂ (ಹಿಂದಿನ ಸ್ಕ್ರೀನ್ ನೋಡಿ ತೆಗೆಯುವ ವಿಧಾನ) ಎರಡು ಸಲ ತೆಗೆಯಿರಿ. ಲೈವ್‌ವ್ಯೂ ಸೆನ್ಸರಿನಿಂದಲೇ ಫೋಕಸ್ ಮಾಡುವುದರಿಂದ ಅದು ನಿಮ್ಮ ಅಳತೆಗೋಲು. ಐದೂ ಚಿತ್ರ ಒಂದೇ ರೀತಿ ಮುಂದಕ್ಕೋ ಹಿಂದಕ್ಕೋ ಸರಿದಿದ್ದರೆ ಡಿ7000, ಡಿ7200, 70ಡಿ, 6ಡಿಗಳ ಮೆನುವಿನಲ್ಲೇ ತಿದ್ದಿಕೊಳ್ಳಬಹುದು. ಡಿ90, 60ಡಿಯಲ್ಲಿ ಆ ಸೌಲಭ್ಯ ಇಲ್ಲ. ಒಂದು ಮುಂದೆ, ಒಂದು ಹಿಂದೆ ಅಂತ ಓಲಾಡುತ್ತಿದ್ದರೆ ಕನ್ನಡಿಯ ಕೂರುವಿಕೆಯೋ ಲೆನ್ಸೋ ಕೆಟ್ಟಿದೆ, ಮೆನುವಿನಲ್ಲಿ ಅದಕ್ಕೆ ಮದ್ದಿಲ್ಲ.

ಬೂಷ್ಟು

ಮಂಗಳೂರು, ಉಡುಪಿ, ಕಾರವಾರದಲ್ಲಿ ಅಥವಾ ಆಗುಂಬೆ, ಮಡಿಕೇರಿ, ಸಕಲೇಶಪುರದಲ್ಲಿ ನಾಲ್ಕಾರು ಮಳೆಗಾಲ ಕಂಡ ಲೆನ್ಸನ್ನು ಟಾರ್ಚ್ ಇಲ್ಲದೆ ಕೊಳ್ಳಬಾರದು. ಚರ್ಮದ ಬ್ಯಾಗಿನಲ್ಲಿ, ಬಟ್ಟೆಯ ಬೀರುವಿನಲ್ಲಿ ಇಟ್ಟ ಲೆನ್ಸ್ ಇನ್ನೂ ಅಪಾಯ. ಚರ್ಮ, ಬಟ್ಟೆ ತೇವ ಹಿಡಿದಿಟ್ಟುಕೊಳ್ಳುತ್ತವೆ, ಜೊತೆಗೆ ಕತ್ತಲೆ.

ನೋಡುವ ಕ್ರಮ ಹೀಗೆ. ಲೆನ್ಸನ್ನು ಬಾಡಿಯಿಂದ ಬಿಡಿಸಿ. ಹಳೆಯ ನಿಕಾನ್ ಲೆನ್ಸಾದರೆ ಹಿಂದಿನ ಸಣ್ಣ ಲಿವರ್ ತಳ್ಳಿ ಅಪರ್ಚರ್ ಪೂರ್ತಿ ತೆರೆಯಿರಿ. ಕ್ಯಾನನಿನದು ಬಿಡಿಸಿದಾಗ ತೆರೆದೇ ಇರುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ, ಬೆಳಕು ಕಣ್ಣಿಗೆ ನೇರ ಹೊಡೆಯದಂತೆ ಸ್ವಲ್ಪ ಓರೆಯಾಗಿ. ಆಮೇಲೆ ಅದಲುಬದಲು. ಝೂಮನ್ನು ಎರಡೂ ತುದಿಗೆ ತಿರುಗಿಸಿ ಮತ್ತೆ ನೋಡಿ, ಏಕೆಂದರೆ ಕೆಲವು ಗಾಜು ಒಂದು ತುದಿಯಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ. ಜೇಡರ ಬಲೆಯಂತೆ, ಬೇರಿನಂತೆ ಕವಲಾದ ಬಿಳಿ ಎಳೆ ಬೂಷ್ಟು. ಇಡೀ ಗಾಜು ಉಸಿರು ಬಿಟ್ಟ ಕನ್ನಡಿಯಂತೆ ಮಸುಕಾಗಿದ್ದರೆ ಅದು ಮಂಜು, ಒಳಗಿನ ಗ್ರೀಸ್ ಬಿಸಿಲಿಗೆ ಆವಿಯಾಗಿ ಕೂತದ್ದು. ಅಂಚಿನಿಂದ ಒಳಗೆ ಹರಡಿದ ಕಾಮನಬಿಲ್ಲಿನ ಬಣ್ಣದ ಕಲೆ ಎರಡು ಗಾಜುಗಳ ನಡುವಿನ ಅಂಟು ಬಿಟ್ಟದ್ದು, ಅದನ್ನು ಸರಿಪಡಿಸುವ ಖರ್ಚು ಯಾವ ಕಿಟ್ ಲೆನ್ಸಿಗೂ ಹೊಂದದು. ಅಪರ್ಚರ್ ಎಲೆಗಳ ಮೇಲೆ ಎಣ್ಣೆಯ ಹೊಳಪಿದ್ದರೆ ಅವು ಅಂಟಿಕೊಂಡು ತಡವಾಗಿ ಮುಚ್ಚುತ್ತವೆ, ಎಫ್16ರಲ್ಲಿ ಸಾಲಾಗಿ ತೆಗೆದ ಚಿತ್ರಗಳ ಬೆಳಕು ಏರುಪೇರಾಗುತ್ತದೆ.

ಎಲ್ಲ ಬೂಷ್ಟೂ ಲೆನ್ಸನ್ನು ಕೊಲ್ಲುವುದಿಲ್ಲ. ಮುಂದಿನ ಅಥವಾ ಹಿಂದಿನ ಗಾಜಿನ ಅಂಚಿನಲ್ಲಿ ಈಗಷ್ಟೇ ಶುರುವಾದದ್ದನ್ನು ಒರೆಸಿ ತೆಗೆಯಬಹುದು. ಹಳೆಯದಾದರೆ ಅದು ಒಸರುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿಂದು ಗುರುತು ಉಳಿಸುತ್ತದೆ, ಒರೆಸಿದರೂ ಆ ಚಿತ್ತಾರ ಹೋಗುವುದಿಲ್ಲ. ಬೆಳಕಿಗೆ ಎದುರಾಗಿ ತೆಗೆದ ಚಿತ್ರ ಪೇಲವವಾಗುವುದು ಅದರಿಂದ. ಬೆಲೆಬಾಳುವ ಲೆನ್ಸಾದರೆ ಬಿಚ್ಚಿಸಿ ಸ್ವಚ್ಛಮಾಡಿಸುವುದು ಸರಿ. 18-55 ಕಿಟ್ ಲೆನ್ಸಿಗೆ ಆ ಕೂಲಿ ದಂಡ, ಚೆನ್ನಾಗಿರುವ ಇನ್ನೊಂದು ಅದೇ ಬೆಲೆಗೆ ಸಿಗುತ್ತದೆ.

ಬೆಲೆ ಕಟ್ಟುವುದು

ಭೇಟಿಗೆ ಮುಂಚೆ ನಿಮ್ಮೂರಿನ, ಇಲ್ಲವೆ ಹತ್ತಿರದ ದೊಡ್ಡ ಊರಿನ ರಿಪೇರಿಯವರಿಗೆ ಫೋನ್ ಮಾಡಿ ಮೂರು ದರ ಕೇಳಿಟ್ಟುಕೊಳ್ಳಿ: ಈ ಮಾಡೆಲ್ಲಿಗೆ ಶಟರ್ ಬದಲಿಸಲು ಎಷ್ಟು, ಸೆನ್ಸರ್ ಸ್ವಚ್ಛಮಾಡಲು ಎಷ್ಟು, ರಬ್ಬರ್ ಅಂಟಿಸಲು ಎಷ್ಟು. ‘ಆ ಮಾಡೆಲ್ಲಿಗೆ ಶಟರ್ ಸಿಗುವುದಿಲ್ಲ’ ಎಂಬ ಉತ್ತರ ಬಂದರೆ ಅದೇ ನಿಮ್ಮ ತೀರ್ಮಾನಕ್ಕೆ ಸಾಕು. ಸಿಗುತ್ತದೆ ಅಂದರೆ ಲೆಕ್ಕ ಹೀಗೆ ಮಾಡಿ. ಕೇಳುವ ಬೆಲೆಗೆ ಒಂದು ಹೊಸ ಅಸಲಿ ಬ್ಯಾಟರಿಯ ಬೆಲೆ, ಸ್ವಚ್ಛತೆಯ ಕೂಲಿ ಸೇರಿಸಿ. ಕೌಂಟ್ ಪರೀಕ್ಷಿತ ಅಂಕಿಯ ಅರ್ಧ ದಾಟಿದ್ದರೆ ಶಟರ್ ಬದಲಿಸುವ ಖರ್ಚಿನ ಅರ್ಧವನ್ನೂ ಸೇರಿಸಿ. ಬಂದ ಮೊತ್ತವನ್ನು ಅದರ ಮುಂದಿನ ಪೀಳಿಗೆಯ ಸೆಕೆಂಡ್ ಹ್ಯಾಂಡ್ ಬೆಲೆಗೆ ಹೋಲಿಸಿ. ಡಿ7000 ಮೊತ್ತ ಡಿ7200 ಬೆಲೆಯ ಮುಕ್ಕಾಲು ಮುಟ್ಟಿತೆಂದರೆ ಡಿ7000 ಬಿಡಿ, ಇನ್ನೆರಡು ತಿಂಗಳು ಕಾದು ಡಿ7200 ತಗೊಳ್ಳಿ. ಅರ್ಧದ ಆಸುಪಾಸಿನಲ್ಲಿದ್ದರೆ ಡಿ7000 ಒಳ್ಳೆಯ ಖರೀದಿ, ಉಳಿದ ಹಣ ಒಂದು ಒಳ್ಳೆಯ ಲೆನ್ಸಿಗೆ ಹೋಗಲಿ.

ಬಿಲ್ ಇದ್ದರೆ ಅದರ ಮೇಲಿನ ಸೀರಿಯಲ್ ಸಂಖ್ಯೆ ತಾಳೆ ನೋಡಿ. ಬಿಲ್ ಇಲ್ಲದಿದ್ದರೆ ಮಾರಿದವರ ಹೆಸರು, ಸೀರಿಯಲ್ ಸಂಖ್ಯೆ, ದಿನಾಂಕ, ಮೊತ್ತ ಬರೆದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಿ. ಒಪ್ಪದವರಿಂದ ಕೊಳ್ಳಬೇಡಿ. ಕೊರಿಯರ್‌ಗೆ ಮುಂಗಡ ಕಳಿಸಿ ಅನ್ನುವವರು, ಭೇಟಿಗೆ ಸಿಗದೆ ಗುರುತಿನ ಚೀಟಿಯ ಫೋಟೊ ಮಾತ್ರ ಕಳಿಸಿ ನಂಬಿಸುವವರು ಬೇಡವೇ ಬೇಡ. ದೂರದೂರಿನ ನಂಬಿಕಸ್ಥ ಅಂಗಡಿಯಾದರೂ ಎಫ್16ರ ಗೋಡೆಯ ಚಿತ್ರ, 1/4000ರ ಆಕಾಶದ ಚಿತ್ರ, ಟಾರ್ಚ್ ಬಿಟ್ಟ ಲೆನ್ಸಿನ ವಿಡಿಯೊ ಈ ಮೂರನ್ನು ತರಿಸಿಕೊಂಡ ಮೇಲೆಯೇ ಹಣ.

ಮನೆಗೆ ತಂದ ದಿನವೇ ಗಾಳಿ ಆಡದ ಮುಚ್ಚಳದ ಡಬ್ಬ, ಒಂದು ಪುಟ್ಟ ತೇವಮಾಪಕ, ಸಿಲಿಕಾ ಜೆಲ್ ತನ್ನಿ. ತೇವ 40ರಿಂದ 50 ಶೇಕಡಾ ನಡುವೆ ಇರಲಿ. 60 ದಾಟಿ ವಾರಗಟ್ಟಲೆ ನಿಂತರೆ ಬೂಷ್ಟು ಚಿಗುರುತ್ತದೆ, ತೀರ ಒಣಗಿಸುವುದೂ ರಬ್ಬರ್‌ಗೆ, ಗ್ರೀಸಿಗೆ ಒಳ್ಳೆಯದಲ್ಲ. ಹಳೆಯ ಲೆನ್ಸಿನಿಂದ ಹೊಸ ಲೆನ್ಸಿಗೆ ರೋಗ ಅಂಟುತ್ತದೆ ಎಂಬ ಹೆದರಿಕೆ ಬೇಡ, ಬೂಷ್ಟಿನ ಬೀಜ ಗಾಳಿಯಲ್ಲೆಲ್ಲ ಇದ್ದೇ ಇರುತ್ತದೆ, ಮೊಳೆಯಲು ಅದಕ್ಕೆ ತೇವ ಬೇಕು. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಸಿರಾದಾಗ ಹಳೆಯ ತಟ್ಟೆಯಲ್ಲಿ ಹರಡಿ ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಬಿಸಿ ಮಾಡಿ. ಬಣ್ಣ ಮತ್ತೆ ಕಿತ್ತಳೆಗೆ ತಿರುಗಿ ಪೂರ್ತಿ ತಣ್ಣಗಾದ ಮೇಲೆ ಡಬ್ಬಕ್ಕೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬಣ್ಣ ನೋಡುತ್ತಿರಿ.